625ರ ಮಾತ್ರೆ: ನುಂಗುವ ಮೊದಲು, ನುಂಗುವಾಗ, ಮುಗಿದ ಮೇಲೆ

ಮೆಡಿಕಲ್ ಶಾಪಿಗೆ ಬರುವ ಎಷ್ಟೋ ಜನರಿಗೆ ಈ ಆಂಟಿಬಯಾಟಿಕ್ ಮಾತ್ರೆಯ, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಯ, ಹೆಸರು ಗೊತ್ತಿರುವುದಿಲ್ಲ, ನಂಬರ್ ಮಾತ್ರ ಗೊತ್ತು. 'ಒಂದು 625 ಕೊಡಿ' ಅನ್ನುತ್ತಾರೆ. ಗಂಟಲು ನೋವಿಗೂ ಅದೇ, ಹಲ್ಲು ನೋವಿಗೂ ಅದೇ, ಮಳೆಯಲ್ಲಿ ನೆನೆದು ಬಂದ ಜ್ವರಕ್ಕೂ ಅದೇ. ಕೌಂಟರಿನ ಈಚೆ ನಿಂತ ನಮಗೆ ಆಮೇಲೆ ಪ್ರಶ್ನೆಗಳ ಸಾಲು. ಊಟಕ್ಕೆ ಮೊದಲೋ, ಆಮೇಲೋ? ಮೊಸರು ತಿನ್ನಬಹುದಾ? ಬೇಧಿ ಶುರುವಾಯಿತು, ನಿಲ್ಲಿಸಲಾ? 625 ಸಿಗಲಿಲ್ಲ, 375ರದ್ದು ಎರಡು ನುಂಗಿದರೆ ನಡೆಯುತ್ತದಲ್ವಾ? ಕ್ಯೂನಲ್ಲಿ ಹಿಂದಿನವರು ಕಾಯುತ್ತಿರುವಾಗ ಎಲ್ಲಕ್ಕೂ ಬಿಡಿಸಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಈ ಮಾತ್ರೆ ಬೇಕೋ ಬೇಡವೋ ಎಂದು ನೀವೇ ತೀರ್ಮಾನ ಮಾಡಿಕೊಳ್ಳಲಿ ಎಂದು ಬರೆದ ಲೇಖನ ಇದಲ್ಲ. ಅದು ಡಾಕ್ಟರ ಕೆಲಸ. ಅವರು ಬರೆದುಕೊಟ್ಟ ಮೇಲೆ ಸರಿಯಾಗಿ ತೆಗೆದುಕೊಳ್ಳುವುದು ನಿಮ್ಮ ಕೆಲಸ. ಅದಕ್ಕೆ ಬೇಕಾದದ್ದು ಇಲ್ಲಿದೆ.

ಒಂದು ಮಾತ್ರೆ, ಎರಡು ಔಷಧಿ

625 ಅನ್ನುವುದು ಒಂದು ಔಷಧಿಯ ತೂಕವಲ್ಲ, ಎರಡರ ಮೊತ್ತ. 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ. ಆಗ್ಮೆಂಟಿನ್, ಕ್ಲಾವಮ್, ಮಾಕ್ಸಿಕೈಂಡ್ ಸಿವಿ ಎಂದು ಬೇರೆಬೇರೆ ಹೆಸರಲ್ಲಿ ಸಿಗುವುದು ಇದೇ ಜೋಡಿ. ಬ್ರಿಟನ್ನಿನಲ್ಲಿರುವ ನಿಮ್ಮ ಮಗಳು 'ಕೋ-ಅಮಾಕ್ಸಿಕ್ಲಾವ್' ಅಂದರೆ ಅದೂ ಇದೇ.

ಅಮಾಕ್ಸಿಸಿಲಿನ್ ಪೆನ್ಸಿಲಿನ್ ಮನೆತನದ ಔಷಧಿ. ಬ್ಯಾಕ್ಟೀರಿಯಾ ಬೆಳೆಯುವಾಗ ತನ್ನ ಸುತ್ತ ಒಂದು ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆ ಕಟ್ಟುವ ಕೆಲಸವನ್ನು ಇದು ಕೆಡಿಸುತ್ತದೆ. ಗೋಡೆ ನಿಲ್ಲದೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಒಂದು ಕತ್ತರಿ ಇದೆ, ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ. ಅಮಾಕ್ಸಿಸಿಲಿನ್ ಹತ್ತಿರ ಬರುವ ಮೊದಲೇ ಈ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ.

ಇಲ್ಲಿ ಕ್ಲಾವುಲಾನಿಕ್ ಆಮ್ಲ ಬರುತ್ತದೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಜೀವಿಯಿಂದ ಸಿಕ್ಕ ವಸ್ತು ಇದು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಇದಕ್ಕೆ ತೀರಾ ಕಡಿಮೆ. ಇದರ ಕೆಲಸವೇ ಬೇರೆ: ಕತ್ತರಿಯ ಬಾಯಿಗೆ ತಾನೇ ಹೋಗಿ ಸಿಕ್ಕಿಕೊಳ್ಳುವುದು. ಸಿಕ್ಕಿಕೊಂಡ ಮೇಲೆ ಕತ್ತರಿ ಮತ್ತೆ ಆಡುವುದಿಲ್ಲ. ಅಮಾಕ್ಸಿಸಿಲಿನ್ ಆರಾಮಾಗಿ ತನ್ನ ಕೆಲಸ ಮಾಡುತ್ತದೆ. ಈ ಜೋಡಿ 1981ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಭಾರತದ 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ.

ಎರಡು ಔಷಧಿ ಸೇರಿಸಿದ್ದೆಲ್ಲ ಒಳ್ಳೆಯದೇ ಅಂದುಕೊಳ್ಳಬೇಡಿ. ತಲೆಬುಡವಿಲ್ಲದ ಮಿಶ್ರಣಗಳೂ ನಮ್ಮ ಮಾರುಕಟ್ಟೆಯಲ್ಲಿ ಬೇಕಾದಷ್ಟು ಬಂದಿವೆ. ಕೇಂದ್ರ ಸರ್ಕಾರ 2018ರಲ್ಲಿ 328, 2024ರ ಆಗಸ್ಟ್‌ನಲ್ಲಿ 156 ಸಂಯೋಜಿತ ಔಷಧಿಗಳನ್ನು ನಿಷೇಧಿಸಿತು. 625 ಆ ಜಾತಿಯದಲ್ಲ, ಇದರ ಜೋಡಿಗೆ ಕಾರಣವಿದೆ.

ಮುಂದೆ ಓದುವಾಗ ಒಂದನ್ನು ನೆನಪಿಡಿ. ಈ ಮಾತ್ರೆಯ ಕಟ್ಟುಪಾಡುಗಳಲ್ಲಿ ಹೆಚ್ಚಿನವು ಬಂದಿರುವುದು ಆ ಚಿಕ್ಕ ಪಾಲಿನಿಂದ, 125 ಮಿಲಿಗ್ರಾಂನಿಂದ. ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಅದೇ. ತೇವ ತಗಲಿದರೆ ಮೊದಲು ಹಾಳಾಗುವುದೂ ಅದೇ. ಅಪರೂಪಕ್ಕೆ ಲಿವರಿಗೆ ತೊಂದರೆ ಕೊಡುವುದೂ ಅದೇ.

ಹಂತ 1: 'ಇದು ಬ್ಯಾಕ್ಟೀರಿಯಾದ್ದೇನಾ?' ಎಂದು ಕೇಳಿ

ಡಾಕ್ಟರ ಮುಂದೆ ಕೂತಾಗ ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ನೆಗಡಿ, ಫ್ಲೂ, ಡೆಂಗಿ, ಮಲೆನಾಡಿನ ಮಂಗನ ಕಾಯಿಲೆ ಎಲ್ಲವೂ ವೈರಸ್‌ನಿಂದ ಬರುವಂಥವು. ವೈರಸ್‌ಗೆ ಇದು ಒಡೆಯುವಂಥ ಗೋಡೆಯೇ ಇಲ್ಲ. ಹಾಗಾಗಿ 625 ಅಲ್ಲಿ ಏನೂ ಮಾಡುವುದಿಲ್ಲ. ಗಂಟಲು ನೋವೂ ಹೆಚ್ಚಿನ ಸಲ ವೈರಸ್‌ನದೇ.

ಇನ್ನೂ ಒಂದು ಸೂಕ್ಷ್ಮ ಇದೆ. ಗಂಟಲಿಗೆ ನಿಜವಾಗಿಯೂ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ತಗಲಿದ್ದರೂ 625 ಬೇಕಾಗಿಲ್ಲ. ಗಂಟಲಿನ ಆ ಜಾತಿಯ ಹತ್ತಿರ ಕತ್ತರಿ ಇಲ್ಲ. ಕತ್ತರಿ ಇಲ್ಲದ ಕಡೆ ಕ್ಲಾವುಲಾನಿಕ್ ಆಮ್ಲ ಯಾಕೆ? ಬರೀ ಪೆನ್ಸಿಲಿನ್ ಅಥವಾ ಬರೀ ಅಮಾಕ್ಸಿಸಿಲಿನ್ ಸಾಕು. 'ಸ್ಟ್ರಾಂಗ್ ಆಗಿರೋದು ಬರೀರಿ ಡಾಕ್ಟ್ರೇ' ಎಂದು ಒತ್ತಾಯ ಮಾಡುವವರಿಗೆ ಇದನ್ನು ಹೇಳಬೇಕು. ಇಲ್ಲಿ ಸ್ಟ್ರಾಂಗ್ ಅಂದರೆ ಬೇಧಿ ಜಾಸ್ತಿ ಅಂತಷ್ಟೇ ಅರ್ಥ.

ಕತ್ತರಿ ಬಿಟ್ಟು ಬೇರೆ ದಾರಿಯಲ್ಲಿ ತಪ್ಪಿಸಿಕೊಳ್ಳುವ ಬ್ಯಾಕ್ಟೀರಿಯಾಗಳೂ ಇವೆ. ಹೊಲ, ಪೊದೆಗಳಲ್ಲಿ ಚಿಗಟೆಯಂಥ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೆ ಪೆನ್ಸಿಲಿನ್ ಮನೆತನದ ಯಾವ ಔಷಧಿಯೂ ನಾಟುವುದಿಲ್ಲ, ಅದಕ್ಕೆ ಡಾಕ್ಸಿಸೈಕ್ಲಿನ್ ಬೇಕು. ಟಿಬಿಗೆ ಚಿಕಿತ್ಸೆಯ ದಾರಿಯೇ ಬೇರೆ. ಮನೆಯಲ್ಲೇ 625 ನುಂಗುತ್ತಾ ನಾಲ್ಕು ದಿನ ಕಳೆದರೆ ಆ ನಾಲ್ಕು ದಿನ ಕಾಯಿಲೆಯದ್ದಾಗುತ್ತದೆ.

ಹಾಗಾದರೆ ಇದನ್ನು ಎಲ್ಲಿ ಬರೆಯುತ್ತಾರೆ? ಕಿವಿಯ ಸೋಂಕು, ಸೈನಸ್, ಕೆಲವು ಬಗೆಯ ನ್ಯುಮೋನಿಯಾ, ಹಲ್ಲಿನ ಬುಡದ ಕೀವು, ಚರ್ಮದ ಸೋಂಕು, ಕೆಲವು ಸಲ ಮೂತ್ರದ ಸೋಂಕು, ನಾಯಿ-ಬೆಕ್ಕಿನ ಕಡಿತ. ಮೂತ್ರದ ಸೋಂಕಾಗಿದ್ದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಕಲ್ಚರ್ ಪರೀಕ್ಷೆಗೆ ಮೂತ್ರ ಕೊಡಬೇಕಾ ಎಂದು ಕೇಳಿ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಬೆಳೆಸಿ ನೋಡುವ ಪರೀಕ್ಷೆ ಅದು. ಮಾತ್ರೆ ನುಂಗಿದ ಮೇಲೆ ಕೊಟ್ಟರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಇರಬಹುದು.

ಎಚ್ಚರ: ನಾಯಿ ಕಡಿದಾಗ 625 ಕೊಡುವುದು ಗಾಯ ಕೀವಾಗದಿರಲಿ ಎಂದು. ರೇಬಿಸ್ ವೈರಸ್‌ನಿಂದ ಬರುವ ರೋಗ, ಈ ಮಾತ್ರೆಗೆ ಅದು ಜಗ್ಗುವುದಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ, ಗಾಯ ಚಿಕ್ಕದಾದರೂ, ಲಸಿಕೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬಿಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಕೂಡ ಬೇಕಾಗುತ್ತದೆ. 'ಆಂಟಿಬಯಾಟಿಕ್ ತಗೊಂಡಿದ್ದೀನಲ್ಲ' ಎಂದು ಸುಮ್ಮನಾಗುವವರನ್ನು ನೋಡಿದ್ದೇನೆ. ಇದರಷ್ಟು ಅಪಾಯದ ತಪ್ಪು ಈ ಲೇಖನದಲ್ಲಿ ಇನ್ನೊಂದಿಲ್ಲ.

ಹಂತ 2: ಡಾಕ್ಟರು ಕೇಳದಿದ್ದರೂ ಹೇಳಿ

ಪೆನ್ಸಿಲಿನ್ ಅಲರ್ಜಿ ಇದ್ದರೆ ಅದು ಮೊದಲ ಮಾತು. ಹಿಂದೆ ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಯಾವುದಾದರೂ ತೆಗೆದುಕೊಂಡಾಗ ಮೈಮೇಲೆ ಗಂಧೆ ಎದ್ದಿತ್ತಾ, ತುಟಿ ಊದಿತ್ತಾ, ಉಸಿರು ಕಟ್ಟಿತ್ತಾ? ಸೆಫಲೋಸ್ಪೋರಿನ್ ಗುಂಪಿನ ಔಷಧಿಗೆ, ಅಂದರೆ ಸೆಫಿಕ್ಸಿಮ್‌ನಂಥದ್ದಕ್ಕೆ, ಅಲರ್ಜಿ ಆಗಿದ್ದರೂ ಹೇಳಿ. 625 ಎಂದು ನಂಬರಿನಲ್ಲಿ ಕರೆಯುವುದರ ದೊಡ್ಡ ತೊಂದರೆಯೇ ಇದು. ಅದರೊಳಗೆ ಪೆನ್ಸಿಲಿನ್ ಇದೆ ಎಂದು ಅಲರ್ಜಿ ಇರುವವರಿಗೇ ಗೊತ್ತಾಗುವುದಿಲ್ಲ.

ಹಿಂದೊಮ್ಮೆ ಇದೇ ಮಾತ್ರೆ ತೆಗೆದುಕೊಂಡು ಕಾಮಾಲೆ ಆಗಿದ್ದರೆ, ಮತ್ತೆ ಯಾವತ್ತೂ ಇದನ್ನು ತೆಗೆದುಕೊಳ್ಳುವಂತಿಲ್ಲ. ಲಿವರ್ ತೊಂದರೆ ಇದ್ದರೆ ಹೇಳಿ. ಕಿಡ್ನಿ ತೊಂದರೆ ಇದ್ದರೂ ಹೇಳಿ, ಡೋಸ್ ಬದಲಾಗುತ್ತದೆ. ಕಿಡ್ನಿ ತುಂಬ ಸೋತವರಿಗೆ ಇದೇ ಜೋಡಿಯ 1 ಗ್ರಾಂನ ಮಾತ್ರೆ ಕೊಡುವುದೇ ಇಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು ಅದನ್ನೂ ತಿಳಿಸಬೇಕು. ಅವರಿಗೆ ಇದನ್ನು ಕೊಡಲೇಬಾರದು ಅಂತೇನಿಲ್ಲ, ಆದರೆ ಗೊತ್ತಿದ್ದು ಕೊಡಬೇಕು.

ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ಯಾಕೆ? ಇವುಗಳ ಮೇಲೆ ವಿಶೇಷ ಗಮನ ಇರಲಿ:

ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಮ್. ಹೃದಯದ ಕವಾಟ ಬದಲಿಸಿಕೊಂಡವರು ಸಾಮಾನ್ಯವಾಗಿ ಇದನ್ನು ನುಂಗುತ್ತಿರುತ್ತಾರೆ. 625 ಜೊತೆ ಸೇರಿದಾಗ ರಕ್ತ ಇನ್ನಷ್ಟು ತೆಳುವಾಗಬಹುದು. ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬ ಪರೀಕ್ಷೆ, ಮತ್ತೆ ಮಾಡಿಸಬೇಕಾಗುತ್ತದೆ.

ಕೀಲುವಾತಕ್ಕೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್. ಅದು ಮೈಯಿಂದ ಹೊರಹೋಗುವುದನ್ನು ಇದು ನಿಧಾನ ಮಾಡುತ್ತದೆ, ವಿಷದಂತಾಗಬಹುದು.

ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್. ಎರಡೂ ಒಟ್ಟಿಗಿದ್ದರೆ ಚರ್ಮದ ದದ್ದು ಜಾಸ್ತಿ.

ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವ ಮೈಕೊಫಿನೊಲೇಟ್.

ಹಂತ 3: ಚೀಟಿ ಓದಿ, ಸ್ಟ್ರಿಪ್ ನೋಡಿ

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. 1-1-1 ಅಂದರೆ ಮೂರು ಹೊತ್ತು. 'ಬಿ.ಡಿ.' (BD) ಅಂದರೆ ದಿನಕ್ಕೆ ಎರಡು ಸಲ, 'ಟಿಡಿಎಸ್' (TDS) ಅಂದರೆ ಮೂರು ಸಲ. ಪಕ್ಕದಲ್ಲಿ ಎಷ್ಟು ದಿನ ಎಂದು ಬರೆದಿರಬೇಕು. ಬರೆದಿಲ್ಲವಾದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ. 'ಪಕ್ಕದ ಮನೆಯವರಿಗೆ ದಿನಕ್ಕೆ ಎರಡು ಅಂದಿದ್ದರು, ನನಗ್ಯಾಕೆ ಮೂರು?' ಎಂದು ಕೇಳುವವರಿದ್ದಾರೆ. ಸೋಂಕು ಬೇರೆ, ತೂಕ ಬೇರೆ, ಕಿಡ್ನಿ ಬೇರೆ. ಚೀಟಿಯೂ ಬೇರೆ.

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. ಮಾತ್ರೆಯ ನಂಬರುಗಳನ್ನು ಕೂಡಿಸಿ ಕಳೆಯಲು ಬರುವುದಿಲ್ಲ.

375ರ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 250, ಕ್ಲಾವುಲಾನಿಕ್ ಆಮ್ಲ 125.
625ರ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 500, ಕ್ಲಾವುಲಾನಿಕ್ ಆಮ್ಲ 125.
1 ಗ್ರಾಂನ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 875, ಕ್ಲಾವುಲಾನಿಕ್ ಆಮ್ಲ 125.

ನೋಡಿದಿರಾ? ಮೂರರಲ್ಲೂ ಚಿಕ್ಕ ಪಾಲು ಒಂದೇ. 625 ಸಿಗಲಿಲ್ಲ ಎಂದು 375ರದ್ದು ಎರಡು ನುಂಗಿದರೆ ಅಮಾಕ್ಸಿಸಿಲಿನ್ ಸರಿಯಾಗಿ 500 ಹೋಗುತ್ತದೆ, ಕ್ಲಾವುಲಾನಿಕ್ ಆಮ್ಲ ಮಾತ್ರ 250, ಅಂದರೆ ಎರಡು ಪಟ್ಟು. ಕತ್ತರಿ ಹಿಡಿಯಲು 125 ಸಾಕಿತ್ತು, ಉಳಿದದ್ದು ಹೊಟ್ಟೆಗೆ ಬರೆ. 1 ಗ್ರಾಂ ಬದಲು 625ರದ್ದು ಎರಡು ನುಂಗುವುದೂ ಇದೇ ಕಥೆ. ಚೀಟಿಯಲ್ಲಿದ್ದ ಶಕ್ತಿಯ ಮಾತ್ರೆ ಇಲ್ಲದಿದ್ದರೆ ಇನ್ನೊಂದು ಅಂಗಡಿ ನೋಡಿ, ಇಲ್ಲವೇ ಡಾಕ್ಟರಿಗೆ ಫೋನ್ ಮಾಡಿ.

ಬ್ರ್ಯಾಂಡ್ ಬದಲಾದರೆ ಚಿಂತೆ ಬೇಡ. ಸ್ಟ್ರಿಪ್ ಹಿಂದೆ ಈ ಎರಡು ಹೆಸರು, ಎರಡು ಅಂಕಿ ಸರಿಯಾಗಿದ್ದರೆ ಆಯಿತು. ಜನೌಷಧಿ ಕೇಂದ್ರಗಳಲ್ಲಿ ಇದೇ ಜೋಡಿ ಬ್ರ್ಯಾಂಡ್ ಹೆಸರಿಲ್ಲದೆ, ತುಂಬ ಕಡಿಮೆ ಬೆಲೆಗೆ ಸಿಗುತ್ತದೆ. ನಾನು ಖಾಸಗಿ ಅಂಗಡಿಯವನಾಗಿ ಇದನ್ನು ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ, ಆದರೂ ಹೇಳುತ್ತೇನೆ.

ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು, ಕೊಳ್ಳಬಾರದು ಎಂಬ ಗುರುತು ಅದು. ಎಕ್ಸ್‌ಪೈರಿ ದಿನಾಂಕ ನೋಡಿ, ಬಿಲ್ ಕೇಳಿ ಪಡೆಯಿರಿ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ನಿಮ್ಮದರ ಮೇಲೆ ಇದ್ದರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಬ್ಯಾಚ್ ನಂಬರ್ ಹೊಂದುತ್ತದಾ ನೋಡಿ.

ಎಚ್ಚರ: 'ಸದ್ಯಕ್ಕೆ ಎರಡು ದಿನದ್ದು ಕೊಡಿ, ಕಡಿಮೆ ಆಗದಿದ್ದರೆ ಬರ್ತೀನಿ' ಎನ್ನಬೇಡಿ. ಕಡಿಮೆ ಆಗುತ್ತದೆ, ನೀವು ಬರುವುದಿಲ್ಲ. ಅಲ್ಲೇ ಉಳಿದ ಬ್ಯಾಕ್ಟೀರಿಯಾ ಮತ್ತೆ ತಲೆ ಎತ್ತಬಹುದು. ಇಡೀ ಕೋರ್ಸ್ ಒಮ್ಮೆಗೇ ಕೊಳ್ಳಿ.

ಹಂತ 4: ನುಂಗುವ ಹೊತ್ತು, ನುಂಗುವ ಬಗೆ

ಊಟಕ್ಕೆ ಮೊದಲೋ, ಆಮೇಲೋ? ಎರಡೂ ಅಲ್ಲ. ಊಟ ಶುರು ಮಾಡುವಾಗ. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಮಾತ್ರೆ ನುಂಗಿ, ಊಟ ಮುಂದುವರಿಸಿ. ಇದರಿಂದ ಎರಡು ಲಾಭ. ಹೊಟ್ಟೆ ತೊಳಸುವುದು ಕಡಿಮೆ. ಕ್ಲಾವುಲಾನಿಕ್ ಆಮ್ಲ ಮೈಗೆ ಹತ್ತುವುದೂ ಆಗಲೇ ಚೆನ್ನಾಗಿ. ಖಾಲಿ ಹೊಟ್ಟೆಗೆ ಕಾಫಿ ಜೊತೆ ನುಂಗಿ ವಾಂತಿ ಮಾಡಿಕೊಂಡವರು 'ನನಗೆ 625 ಆಗಲ್ಲ' ಅನ್ನುತ್ತಾರೆ. ಆಗದೇ ಇದ್ದದ್ದು ಮಾತ್ರೆಯಲ್ಲ, ಹೊತ್ತು.

ಎರಡೂ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು ಒಂದು ಗಂಟೆಗೆ ಅರ್ಧ ಇಳಿದುಹೋಗುತ್ತದೆ. ಹಾಗಾಗಿ ದಿನಕ್ಕೆ ಎರಡು ಅಂದರೆ ಹೆಚ್ಚುಕಡಿಮೆ 12 ಗಂಟೆ ಅಂತರ, ಮೂರು ಅಂದರೆ ಹೆಚ್ಚುಕಡಿಮೆ 8 ಗಂಟೆ. ಬೆಳಿಗ್ಗೆ ತಿಂಡಿ 10ಕ್ಕೆ, ಊಟ 1ಕ್ಕೆ ಮಾಡಿ ಎರಡು ಡೋಸ್ ಅಲ್ಲೇ ಮುಗಿಸಿದರೆ ರಾತ್ರಿಯಿಡೀ ಬ್ಯಾಕ್ಟೀರಿಯಾಗೆ ಬಿಡುವು. ನಿಮಿಷ ಲೆಕ್ಕ ಬೇಡ, ಹಾಗಂತ ತೀರಾ ಮನಸ್ಸಿಗೆ ಬಂದಂತೆಯೂ ಬೇಡ.

ಮರೆತರೆ? ನೆನಪಾದ ಕೂಡಲೇ ನುಂಗಿ. ಮುಂದಿನದಕ್ಕೆ ಕನಿಷ್ಠ 4 ಗಂಟೆ ಬಿಡಿ. ಮುಂದಿನ ಹೊತ್ತೇ ಬಂದುಬಿಟ್ಟಿದ್ದರೆ ತಪ್ಪಿದ್ದು ತಪ್ಪಿತು, ಎರಡು ಒಟ್ಟಿಗೆ ನುಂಗಬೇಡಿ.

ಮಾತ್ರೆ ದಪ್ಪ, ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವವರು ಅರ್ಧ ಮಾಡಿ ನುಂಗಬಹುದು. ಆದರೆ ಎರಡೂ ತುಂಡು ಒಂದರ ಹಿಂದೆ ಒಂದು ಆಗಲೇ ಒಳಗೆ ಹೋಗಬೇಕು. ಅರ್ಧ ಈಗ, ಅರ್ಧ ಸಾಯಂಕಾಲ ಅನ್ನುವ ಹಾಗಿಲ್ಲ. ದೊಡ್ಡವರ ಮಾತ್ರೆಯಲ್ಲಿ ಕಾಲು ಭಾಗ ಮುರಿದು ಮಗುವಿಗೆ ಕೊಡುವುದಂತೂ ಬೇಡವೇ ಬೇಡ.

ಮೊಸರು, ಹಾಲು, ಮಜ್ಜಿಗೆ ಎಲ್ಲವೂ ನಡೆಯುತ್ತದೆ. ಹಾಲಿನ ಜೊತೆ ಬೇಡ ಅನ್ನುವ ನಿಯಮ ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಬೇರೆ ಆಂಟಿಬಯಾಟಿಕ್‌ಗಳದ್ದು, ಅದನ್ನು ಜನ ಎಲ್ಲಕ್ಕೂ ಅನ್ವಯಿಸಿಬಿಟ್ಟಿದ್ದಾರೆ. 'ಹೀಟ್ ಆಗುತ್ತೆ, ಎಳನೀರು ಕುಡೀಬೇಕಾ?' ಎಂದೂ ಕೇಳುತ್ತಾರೆ. ಕುಡಿಯಿರಿ, ತೊಂದರೆ ಇಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಎಳನೀರಿನ ಬಗ್ಗೆ ಡಾಕ್ಟರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೆಂಡದ ವಿಷಯ: ಮೆಟ್ರೊನಿಡಜೋಲ್ ಜೊತೆ ಹೇಳುವ ಹಾಗೆ ಇದರ ಜೊತೆ ಕುಡಿಯಲೇಬಾರದು ಅಂತಿಲ್ಲ. ಆದರೆ ಹಲ್ಲಿನ ಕೀವಿಗೆ ಎರಡನ್ನೂ ಒಟ್ಟಿಗೆ ಬರೆಯುವುದು ಮಾಮೂಲು, ನಿಮ್ಮ ಚೀಟಿಯಲ್ಲೂ ಅದಿರಬಹುದು. ಕೋರ್ಸ್ ಮುಗಿಯುವವರೆಗೆ ಬಿಟ್ಟುಬಿಡುವುದು ಒಳ್ಳೆಯದು.

ಮಾತ್ರೆಯನ್ನು ಸ್ಟ್ರಿಪ್‌ನಿಂದ ತೆಗೆದು ಡಬ್ಬಿಗೆ ಹಾಕಿಡಬೇಡಿ. ವಾರದ ಮಾತ್ರೆಗಳನ್ನು ಸೋಮವಾರ, ಮಂಗಳವಾರ ಎಂದು ಗುರುತು ಹಾಕಿದ ಡಬ್ಬಿಯಲ್ಲಿ ಜೋಡಿಸಿಡುವ ಅಭ್ಯಾಸ ಹಿರಿಯರಿಗೆ ಇರುತ್ತದೆ. ಬಿಪಿ ಮಾತ್ರೆಗೆ ಅದು ನಡೆಯುತ್ತದೆ, ಇದಕ್ಕಲ್ಲ. ಕ್ಲಾವುಲಾನಿಕ್ ಆಮ್ಲಕ್ಕೆ ತೇವ ಅಂದರೆ ಶತ್ರು. ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನುಂಗುವ ಕ್ಷಣದಲ್ಲಿ ಫಾಯಿಲ್ ಒಡೆಯಿರಿ.

ಹಂತ 5: ಮಕ್ಕಳ ಸಿರಪ್

ಇಲ್ಲಿ ತಪ್ಪು ಆಗುವುದು ಅಡುಗೆಮನೆಯಲ್ಲಿ. ಬಾಟಲಿಯಲ್ಲಿ ಬರುವುದು ಪುಡಿ. ಅದಕ್ಕೆ ನೀರು ಬೆರೆಸಬೇಕು.

ಮೊದಲು ಬಾಟಲಿಯನ್ನು ತಟ್ಟಿ ಪುಡಿ ಸಡಿಲ ಮಾಡಿ. ಪ್ಯಾಕಿನಲ್ಲಿ ನೀರಿನ ಶೀಷೆ ಕೊಟ್ಟಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿ ನೀರು ಹಾಕಿದರೆ ಔಷಧಿ ಕೆಡುತ್ತದೆ. ಬಾಟಲಿ ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ನೊರೆ ಇಳಿದ ಮೇಲೆ ಸರಿಯಾಗಿ ಗುರುತಿನವರೆಗೆ ತುಂಬಿ, ಮತ್ತೆ ಅಲ್ಲಾಡಿಸಿ. ಒಮ್ಮೆಗೇ ಗುರುತಿನವರೆಗೆ ಹಾಕಿದರೆ ಪುಡಿ ಕರಗಿ ಮಟ್ಟ ಕೆಳಗಿಳಿಯುತ್ತದೆ, ಸಿರಪ್ ಗಟ್ಟಿಯಾಗುತ್ತದೆ. ಕೈ ನಡುಗಿದರೆ ನಮ್ಮನ್ನೇ ಕೇಳಿ, ಅಂಗಡಿಯಲ್ಲೇ ಬೆರೆಸಿ ಕೊಡುತ್ತೇವೆ.

ಬೆರೆಸಿದ ದಿನಾಂಕವನ್ನು ಬಾಟಲಿ ಮೇಲೆ ಪೆನ್ನಿನಲ್ಲಿ ಬರೆಯಿರಿ. ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. 7 ದಿನ ಆದ ಮೇಲೆ ಉಳಿದದ್ದನ್ನು ಬಳಸಬೇಡಿ. 10 ದಿನದ ಕೋರ್ಸ್ ಇದ್ದರೆ ಎರಡನೇ ಬಾಟಲಿ ಪುಡಿಯಾಗಿಯೇ ಇರಲಿ, ಬೇಕಾದಾಗ ಬೆರೆಸಿಕೊಳ್ಳಿ. ಮನೆಯಲ್ಲಿ ಫ್ರಿಜ್ ಇಲ್ಲ, ಅಥವಾ ಕರೆಂಟ್ ದಿನಗಟ್ಟಲೆ ಇರುವುದಿಲ್ಲ ಎಂದರೆ ಮೊದಲೇ ಡಾಕ್ಟರಿಗೆ ಹೇಳಿ, ಬೇರೆ ದಾರಿ ನೋಡುತ್ತಾರೆ. ಪ್ರತಿ ಸಲವೂ ಅಲ್ಲಾಡಿಸಿಯೇ ಕೊಡಿ. ಇಲ್ಲದಿದ್ದರೆ ಮೇಲಿನ ನೀರು ಮೊದಲ ದಿನ, ತಳದ ಔಷಧಿ ಕೊನೆಯ ದಿನ.

ಅಳತೆಗೆ ಮನೆಯ ಚಮಚ ಬೇಡ. ನಮ್ಮ ಮನೆಗಳಲ್ಲಿ ಕಾಫಿ ಚಮಚ, ಉಪ್ಪಿನಕಾಯಿ ಚಮಚ, ಪಾಯಸದ ಚಮಚ ಒಂದೊಂದೂ ಒಂದೊಂದು ಗಾತ್ರ. ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಸಿರಿಂಜನ್ನು ಕೆನ್ನೆಯ ಒಳಬದಿಗೆ ಇಟ್ಟು ನಿಧಾನ ಬಿಡಿ, ನೇರ ಗಂಟಲಿಗೆ ಅಲ್ಲ.

ಎಚ್ಚರ: ಸಿರಪ್‌ಗಳಲ್ಲೂ ಶಕ್ತಿ ಬೇರೆಬೇರೆ. 228.5 ಎಂದಿರುವುದರಲ್ಲಿ 5 ಮಿಲೀಲೀಟರಿಗೆ ಅಮಾಕ್ಸಿಸಿಲಿನ್ 200, ಕ್ಲಾವುಲಾನಿಕ್ ಆಮ್ಲ 28.5 ಮಿಲಿಗ್ರಾಂ. 457ರಲ್ಲಿ ಎರಡೂ ದುಪ್ಪಟ್ಟು, 400 ಮತ್ತು 57. ಬಾಟಲಿಯ ಬಣ್ಣ, ಗಾತ್ರ ಒಂದೇ ಥರ ಕಾಣುತ್ತದೆ. ಹೋದ ಸಲ 5 ಮಿಲೀಲೀಟರ್ ಕೊಟ್ಟಿದ್ದೆವು ಎಂದು ಈ ಸಲವೂ ಅಷ್ಟೇ ಕೊಟ್ಟರೆ ಡೋಸ್ ಎರಡು ಪಟ್ಟು ಆಗಿರಬಹುದು. ಮಕ್ಕಳ ಡೋಸ್ ವಯಸ್ಸಿನಿಂದಲ್ಲ, ತೂಕದಿಂದ. ಅಕ್ಕನಿಗೆ ಬರೆದದ್ದನ್ನು ತಮ್ಮನಿಗೆ ಕೊಡುವ ಹಾಗಿಲ್ಲ. ಕ್ಲಿನಿಕ್‌ಗೆ ಹೋದಾಗ ಮಗುವಿನ ತೂಕ ನೋಡಿಸಿ.

ಹಂತ 6: ಯಾವುದಕ್ಕೆ ತಡೆದುಕೊಳ್ಳಬೇಕು, ಯಾವುದಕ್ಕೆ ಓಡಬೇಕು

ತಡೆದುಕೊಳ್ಳಬಹುದಾದವು: ದಿನಕ್ಕೆ ಎರಡು ಮೂರು ಸಲ ತೆಳು ಬೇಧಿ, ಹೊಟ್ಟೆ ತೊಳಸು, ಬಾಯಿರುಚಿ ಇಲ್ಲದಿರುವುದು. ನಿಮ್ಮ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬಿದ್ದಿರುತ್ತದೆ, ಅದರ ಗಲಾಟೆ ಇದು. ಗಂಜಿ, ಮೊಸರನ್ನ ತಿನ್ನಿ. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕುಡಿಯಿರಿ. ಬೇಧಿ ನಿಲ್ಲಿಸುವ ಮಾತ್ರೆ ನೀವಾಗಿ ನುಂಗಬೇಡಿ. ಬೇಧಿಯಾಯಿತೆಂದು ಆಫ್ಲಾಕ್ಸಸಿನ್-ಆರ್ನಿಡಜೋಲ್ ಎಂಬ ಇನ್ನೊಂದು ಜೋಡಿ ಮಾತ್ರೆ ಕೇಳಿಕೊಂಡು ಬರುವವರು ಬಹಳ. ಒಂದು ಆಂಟಿಬಯಾಟಿಕ್‌ನಿಂದ ಆದ ಬೇಧಿಗೆ ಇನ್ನೆರಡು ಔಷಧಿ! ಬೇಡ.

ಬಾಯಲ್ಲಿ ಬಿಳಿ ಪದರ, ಹೆಂಗಸರಿಗೆ ಜನನಾಂಗದಲ್ಲಿ ತುರಿಕೆ, ಬಿಳಿ ಸ್ರಾವ ಕಂಡರೆ ಅದು ಫಂಗಸ್. ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದ ಜಾಗದಲ್ಲಿ ಬೆಳೆದುಕೊಳ್ಳುತ್ತದೆ. ಮುಜುಗರ ಪಡದೆ ಡಾಕ್ಟರಿಗೆ ಹೇಳಿ, ಸುಲಭವಾಗಿ ವಾಸಿಯಾಗುತ್ತದೆ.

ಗರ್ಭನಿರೋಧಕ ಮಾತ್ರೆ ನುಂಗುವವರು ಕೇಳುತ್ತಾರೆ. ಈ ಆಂಟಿಬಯಾಟಿಕ್ ನೇರವಾಗಿ ಅದರ ಕೆಲಸ ಕೆಡಿಸುವುದಿಲ್ಲ. ಆದರೆ ವಾಂತಿ, ಜೋರು ಬೇಧಿ ಆದರೆ ಆ ಮಾತ್ರೆ ಮೈಗೆ ಹತ್ತದೇ ಹೋಗಬಹುದು. ಆಗ ಬೇರೆ ರಕ್ಷಣೆಯೂ ಇರಲಿ.

ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಬೇಕಾದವು: ಮೈತುಂಬ ದದ್ದು ಅಥವಾ ಗಂಧೆ, ಚರ್ಮ ಸುಲಿಯುವುದು, ಬಾಯಿ-ಕಣ್ಣಿನಲ್ಲಿ ಹುಣ್ಣು, ಬೇಧಿಯಲ್ಲಿ ರಕ್ತ ಅಥವಾ ಲೋಳೆ, ಹೊಟ್ಟೆ ಹಿಂಡುವ ನೋವು, ನಿಲ್ಲದ ನೀರು ಬೇಧಿ.

ಒಂದು ನಿಮಿಷವೂ ಕಾಯಬಾರದಂಥದ್ದು: ತುಟಿ, ನಾಲಿಗೆ, ಮುಖ ಊದುವುದು, ಉಸಿರಾಟಕ್ಕೆ ಕಷ್ಟ, ಎದೆ ಬಿಗಿತ, ತಲೆ ಸುತ್ತಿ ಬೀಳುವಂತಾಗುವುದು. ಇದು ತೀವ್ರ ಅಲರ್ಜಿ. 108ಕ್ಕೆ ಕರೆ ಮಾಡಿ. ಮನೆಯಲ್ಲಿದ್ದ ಸೆಟ್ರಿಜಿನ್ ಕೊಟ್ಟು ಕಾದು ನೋಡೋಣ ಅನ್ನುವ ಹೊತ್ತಲ್ಲ ಅದು. ಹಿಂದೆ ಹತ್ತು ಸಲ ತೆಗೆದುಕೊಂಡು ಏನೂ ಆಗದವರಿಗೂ ಹನ್ನೊಂದನೇ ಸಲ ಆಗಬಹುದು.

ಎರಡು ಮೂರು ದಿನ ಸರಿಯಾಗಿ ನುಂಗಿಯೂ ಜ್ವರ ಇಳಿಯಲಿಲ್ಲ, ಊತ ಹರಡುತ್ತಿದೆ ಎಂದರೆ ವಾಪಸ್ ಹೋಗಿ ತೋರಿಸಿ. ಕೀವು ತೆಗೆಯಬೇಕಾಗಿರಬಹುದು, ಬ್ಯಾಕ್ಟೀರಿಯಾ ಇದಕ್ಕೆ ಬಗ್ಗದ್ದಾಗಿರಬಹುದು, ಅಥವಾ ಅದು ಬ್ಯಾಕ್ಟೀರಿಯಾವೇ ಅಲ್ಲದಿರಬಹುದು. ಹಲ್ಲಿನ ಕೀವಿಗಂತೂ ಮಾತ್ರೆ ತಾತ್ಕಾಲಿಕ. ಹಲ್ಲಿನ ಒಳಗೆ ಕೆಲಸ ಮಾಡಿಸದೆ ಮೂರು ತಿಂಗಳಿಗೊಮ್ಮೆ 625 ನುಂಗುತ್ತಾ ವರ್ಷ ದೂಡುವವರಿದ್ದಾರೆ.

ಮೂತ್ರದಲ್ಲಿ ಸಕ್ಕರೆ ನೋಡುವ ಹಳೆಯ ಪದ್ಧತಿ, ಅಂದರೆ ನೀಲಿ ದ್ರಾವಣ ಹಾಕಿ ಕಾಯಿಸುವ ಪರೀಕ್ಷೆ, ಈ ಮಾತ್ರೆ ನುಂಗುವಾಗ ಸಕ್ಕರೆ ಇಲ್ಲದಿದ್ದರೂ ಇದೆ ಎಂದು ತೋರಿಸಬಹುದು. ಲ್ಯಾಬಿನವರಿಗೆ ಒಂದು ಮಾತು ಹೇಳಿ.

ಹಂತ 7: ಕೋರ್ಸ್ ಮುಗಿಸುವುದು, ಉಳಿದದ್ದನ್ನು ಬಿಸಾಡುವುದು

ಜ್ವರ ಬಿಟ್ಟ ದಿನವೇ ಮಾತ್ರೆಯೂ ಬಿಡುವುದು ನಮ್ಮ ಜನರ ಅಭ್ಯಾಸ. ಡಾಕ್ಟರು 5 ದಿನ ಅಂದರೆ 5, 7 ಅಂದರೆ 7. ಕಡಿಮೆಯೂ ಬೇಡ, 'ಇನ್ನೆರಡು ದಿನ ಇರಲಿ' ಎಂದು ಜಾಸ್ತಿಯೂ ಬೇಡ. ಈಗೀಗ ಎಷ್ಟೋ ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕು ಎಂದು ಡಾಕ್ಟರುಗಳೇ ಹೇಳುತ್ತಿದ್ದಾರೆ. ಬೇಗ ಗುಣವಾದರೆ ಬೇಗ ನಿಲ್ಲಿಸಬಹುದಾ ಎಂದು ಅವರನ್ನು ಕೇಳುವುದು ತಪ್ಪಲ್ಲ. ಕೇಳದೆ ನಿಲ್ಲಿಸುವುದು ತಪ್ಪು.

ಯಾವ ಕಾರಣಕ್ಕೋ ಮಾತ್ರೆ ಉಳಿಯಿತು ಅಂದುಕೊಳ್ಳಿ. ದೇವರಮನೆಯ ಪಕ್ಕದ ಡ್ರಾಯರಿಗೆ ಹೋಗುತ್ತದೆ. ಆರು ತಿಂಗಳ ನಂತರ ಯಾರಿಗೋ ಕೆಮ್ಮು ಬಂದಾಗ ಹೊರಗೆ ಬರುತ್ತದೆ. ನಾಲ್ಕು ಮಾತ್ರೆ ಯಾವ ಸೋಂಕನ್ನೂ ಪೂರ್ತಿ ವಾಸಿ ಮಾಡುವುದಿಲ್ಲ. ಇದ್ದ ಬ್ಯಾಕ್ಟೀರಿಯಾಗಳಲ್ಲಿ ಗಟ್ಟಿಯವನ್ನು ಆರಿಸಿ ಉಳಿಸುತ್ತದೆ, ಅಷ್ಟೇ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬುದು ತಜ್ಞರ ಅಂದಾಜು. ಅಮೆರಿಕದಲ್ಲಿರುವ ಮಗನಿಗೆ ಚಕ್ಕುಲಿ, ಉಪ್ಪಿನಕಾಯಿ ಜೊತೆ ಎರಡು ಸ್ಟ್ರಿಪ್ 625 ಕಟ್ಟಿ ಕಳಿಸುವ ತಾಯಂದಿರೂ ಇದ್ದಾರೆ. ಪ್ರೀತಿ ಅರ್ಥವಾಗುತ್ತದೆ. ಚಕ್ಕುಲಿ ಕಳಿಸಿ.

ಉಳಿದ ಸಿರಪ್ಪನ್ನು ಸಿಂಕಿಗೆ, ಟಾಯ್ಲೆಟ್ಟಿಗೆ ಸುರಿಯಬೇಡಿ, ನೀರಿಗೆ ಸೇರುತ್ತದೆ. ಹಳೆಯ ಔಷಧಿ ಮನೆಯ ಅಪಾಯಕಾರಿ ಕಸದ ಲೆಕ್ಕ. ಹಸಿ ಕಸ, ಒಣ ಕಸದ ಜೊತೆ ಬೆರೆಸದೆ, ಬೇರೆ ಕವರಿನಲ್ಲಿ ಸುತ್ತಿ, ಇದು ಔಷಧಿ ಎಂದು ಹೇಳಿ ಕಸದ ಗಾಡಿಯವರಿಗೆ ಕೊಡಿ.

ಕೊನೆಯದಾಗಿ ಲಿವರಿನ ವಿಷಯ. ಇದು ಅಪರೂಪ. ವಯಸ್ಸಾದ ಗಂಡಸರಲ್ಲಿ, ತುಂಬ ದಿನ ಮಾತ್ರೆ ನುಂಗಿದವರಲ್ಲಿ ಸ್ವಲ್ಪ ಜಾಸ್ತಿ. ಇದರ ಮೋಸ ಏನೆಂದರೆ, ಮಾತ್ರೆ ನುಂಗುವಾಗ ಏನೂ ಕಾಣಿಸದೆ ಇರಬಹುದು. ನಿಲ್ಲಿಸಿ ಕೆಲವು ವಾರಗಳಾದ ಮೇಲೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮೈಯೆಲ್ಲ ತುರಿಕೆ. ಅಷ್ಟು ಹೊತ್ತಿಗೆ ಮಾತ್ರೆ ನುಂಗಿದ್ದೇ ಮರೆತಿರುತ್ತದೆ. ನಮ್ಮ ಕಡೆ ಜಾಂಡೀಸ್ ಅಂದ ಕೂಡಲೇ ನಾಟಿ ಔಷಧಿಗೆ ಓಡುತ್ತಾರೆ. ಮೊದಲೇ ನೊಂದಿರುವ ಲಿವರಿಗೆ ಏನೆಂದು ಗೊತ್ತಿಲ್ಲದ ಸೊಪ್ಪಿನ ರಸವೂ ಬೀಳುತ್ತದೆ. ಹಾಗೆ ಮಾಡದೆ ಡಾಕ್ಟರ ಹತ್ತಿರ ಹೋಗಿ, 'ಇಂಥ ದಿನ 625 ತಗೊಂಡಿದ್ದೆ' ಎಂದು ಹೇಳಿ. ಆ ಒಂದು ಮಾತಿನಿಂದ ಕಾರಣ ಹುಡುಕುವುದು ಎಷ್ಟೋ ಸುಲಭವಾಗುತ್ತದೆ. ಜೋರು ನೀರು ಬೇಧಿಯೂ ಹೀಗೇ ಎರಡು ತಿಂಗಳು ತಡವಾಗಿ ಬರಬಹುದು.

ಅದಕ್ಕೇ ಮಾತ್ರೆ ಮುಗಿದ ದಿನ ಚೀಟಿಯದ್ದೂ ಖಾಲಿ ಸ್ಟ್ರಿಪ್‌ನದ್ದೂ ಒಂದು ಫೋಟೊ ತೆಗೆದು ಫೋನಿನಲ್ಲಿಡಿ. ಎರಡು ತಿಂಗಳು ಅದನ್ನು ಅಳಿಸಬೇಡಿ.